ಮಕ್ಕಳ ಮುಂಗೈ ಮುರಿದಾಗ



ಮಲ್ಲೇಶ್ವರದಿಂದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಹನ್ನೊಂದು ವರ್ಷದ ಮಗಳು ಸೈಕಲ್ಲಿನಿಂದ ಬಿದ್ದು ಮುಂಗೈಯ ಎರಡೂ ಎಲುಬುಗಳನ್ನು ಮುರಿದುಕೊಂಡಿದ್ದಾಳೆ. ಪ್ಲಾಸ್ಟರ್ ಹಾಕಿದ ವೈದ್ಯರು, ಎಲುಬು ಜರುಗಿದರೆ ಶಸ್ತ್ರಕ್ರಿಯೆ ಮಾಡಿ ಪ್ಲೇಟ್ ಹಾಕಬೇಕಾದೀತು ಎಂದಿದ್ದಾರೆ. ಮನೆಯ ಹಿರಿಯರು, ಬೆಳೆಯುವ ಮಗುವಿನ ಮೈಯೊಳಗೆ ಕಬ್ಬಿಣ ಕೂಡದು ಎಂದು ಹಟ ಹಿಡಿದಿದ್ದಾರೆ. ಏನು ಮಾಡಲಿ ಎಂಬುದು ಆ ತಾಯಿಯ ಪ್ರಶ್ನೆ.

ಮುರಿದ ಎಲುಬು ಮಾಸಪತ್ರಿಕೆಯ ಉತ್ತರಕ್ಕಾಗಿ ಕಾಯಲಾರದು. ಆದುದರಿಂದ ಪತ್ರ ಕೈಸೇರಿದ ದಿನವೇ ಅವರೊಡನೆ ದೂರವಾಣಿಯಲ್ಲಿ ಮಾತನಾಡಿ, ತಡಮಾಡದೆ ಮಗುವನ್ನು ಮತ್ತೆ ವೈದ್ಯರಿಗೆ ತೋರಿಸಿ ಎಂದೆವು. ನಾವು ವೈದ್ಯರಲ್ಲ; ಮಠದಲ್ಲಿ ಉಂಡು, ಅಲ್ಲಿಯೇ ಸಂಸ್ಕೃತ ಕನ್ನಡಗಳನ್ನು ಕಲಿತವರು. ಆದರೂ ಈ ವಿಷಯವನ್ನು ಕುರಿತು ಬರೆಯಲು ನಮಗೊಂದು ಕಾರಣವಿದೆ. ಆ ಪತ್ರದಲ್ಲಿ ಹಟ ಹಿಡಿದ ಹಿರಿಯರ ಜಾಗದಲ್ಲಿ ಒಮ್ಮೆ ನಾವೇ ಇದ್ದೆವು.

ಮೂರು ವರ್ಷಗಳ ಹಿಂದಿನ ಮಾತು. ಕಾರ್ತಿಕದ ಕಡೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ಗಾಂಧಿಬಜಾರಿನ ಬಳಿ ವಾಸವಾಗಿರುವ ನಮ್ಮ ಮಗಳ ಮಗ, ಆಗ ಹನ್ನೆರಡು ವರ್ಷದವನು, ಗೆಳೆಯರೊಡನೆ ಬ್ಯೂಗಲ್ ರಾಕ್ ಬಂಡೆಯನ್ನೇರಿ ಅಲ್ಲಿಂದ ಜಾರಿಬಿದ್ದ. ಬೀಳುವಾಗ ನೆಲಕ್ಕೆ ಊರಿದ್ದು ಎಡಗೈ. ಮುಂಗೈಯ ನಡುಭಾಗ ಮುರಿದ ಕಬ್ಬಿನಂತೆ ಬಾಗಿತ್ತು. ಅಂದು ರಾತ್ರಿಯೇ ಅರಿವಳಿಕೆ ಕೊಟ್ಟು, ಎಲುಬುಗಳನ್ನು ಎಳೆದು ಕೂಡಿಸಿ, ತೋಳಿನವರೆಗೆ ಪ್ಲಾಸ್ಟರ್ ಹಾಕಿದರು. ಶಸ್ತ್ರವೈದ್ಯರು ಆಗಲೇ ಎಚ್ಚರಿಸಿದ್ದರು: “ಎರಡು ಎಲುಬೂ ಪೂರ್ತಿ ಮುರಿದಿವೆ. ಈ ವಯಸ್ಸಿನಲ್ಲಿ ಜರುಗುವ ಸಂಭವ ಉಂಟು. ವಾರದ ಮೇಲೆ ಎಕ್ಸ್‌ರೇ ತಪ್ಪಿಸಬೇಡಿ.”

ಎಂಟನೆಯ ದಿನದ ಎಕ್ಸ್‌ರೇಯಲ್ಲಿ ಎಲುಬುಗಳು ಜರುಗಿದ್ದು ಕಂಡಿತು. ಬಾಗಿದ್ದಷ್ಟೇ ಅಲ್ಲದೆ ಸ್ವಲ್ಪ ತಿರುಚಿಯೂ ಇದ್ದವು. ಸಣ್ಣ ಗಾಯ ಮಾಡಿ ಎಲುಬಿನ ಪೊಳ್ಳಿನೊಳಗೆ ಬಳುಕುವ ಕಡ್ಡಿ ತೂರಿಸೋಣ, ಅದು ಆಗದಿದ್ದರೆ ಪ್ಲೇಟ್ ಹಾಕೋಣ, ತಡ ಮಾಡುವುದು ಬೇಡ ಎಂದರು ವೈದ್ಯರು. ಅಳಿಯಂದಿರು ಮೌನವಾಗಿದ್ದರು. ಮಗಳು ನಮ್ಮ ಮುಖ ನೋಡಿದಳು. ನಾವು, “ಮಕ್ಕಳ ಎಲುಬು ತಾನಾಗಿ ನೆಟ್ಟಗಾಗುತ್ತದೆ. ಸುಶ್ರುತನೇ ಹೇಳಿದ್ದಾನೆ. ಇನ್ನೊಂದು ವಾರ ನೋಡೋಣ” ಎಂದೆವು. ಬಂಧುಗಳೊಬ್ಬರು, “ಎಡಗೈ ತಾನೆ? ಬರೆಯುವ ಕೈ ಅಲ್ಲವಲ್ಲ” ಎಂದು ದನಿಗೂಡಿಸಿದರು. ಹೀಗೆ ಒಂದು ವಾರ ಕಳೆಯಿತು. ಅದರ ಮೇಲೆ ಮತ್ತೂ ಐದು ದಿನ ಕಳೆದವು.

ಹಿರಿಯರ ಮಾತಿಗೆ ಎದುರಾಡದ ಮನೆಗಳಲ್ಲಿ ಹಿರಿಯರ ಹೊಣೆ ಎಷ್ಟು ದೊಡ್ಡದೆಂಬುದು ಅನಂತರ ನಮಗೆ ತಿಳಿಯಿತು. ಅದನ್ನು ಹೇಳುವ ಮೊದಲು ಮುಂಗೈಯ ರಚನೆಯನ್ನು ಸ್ವಲ್ಪ ನೋಡೋಣ.

ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯಲ್ಲಿ ಎರಡು ಎಲುಬುಗಳಿವೆ. ಕಿರುಬೆರಳಿನ ಕಡೆಯದು ಅಲ್ನಾ. ಅದು ಬಹುಮಟ್ಟಿಗೆ ನೇರ. ಹೆಬ್ಬೆರಳಿನ ಕಡೆಯದು ರೇಡಿಯಸ್. ಅದಕ್ಕೆ ಬಿಲ್ಲಿನಂತೆ ಸಣ್ಣದೊಂದು ಬಾಗು ಉಂಟು. ನಾವು ಅಂಗೈಯನ್ನು ಮಗುಚಿದಾಗ ಈ ರೇಡಿಯಸ್ಸು ಅಲ್ನಾದ ಸುತ್ತ ತಿರುಗುತ್ತದೆ. ಓದುಗರು ಈಗಲೇ ಪರೀಕ್ಷಿಸಬಹುದು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಹೆಬ್ಬೆರಳು ಮೇಲಿರುವಂತೆ ಕೈಯನ್ನು ಮುಂದಕ್ಕೆ ಚಾಚಿರಿ. ಬಳಿಕ ಅಂಗೈಯನ್ನು ಮೇಲ್ಮುಖವಾಗಿಯೂ ಕೆಳಮುಖವಾಗಿಯೂ ತಿರುಗಿಸಿರಿ. ಆರೋಗ್ಯವಂತರ ಕೈ ಎರಡೂ ಕಡೆಗೆ ಸುಮಾರು 80 ಡಿಗ್ರಿ ತಿರುಗುತ್ತದೆ. ನಿತ್ಯದ ಹೆಚ್ಚಿನ ಕೆಲಸಗಳಿಗೆ ಎರಡೂ ಕಡೆ 50 ಡಿಗ್ರಿಯಷ್ಟಾದರೂ ಬೇಕೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ತುತ್ತು ಬಾಯಿಗಿಡುವುದಕ್ಕೆ, ಬೊಗಸೆಯಲ್ಲಿ ನೀರು ಹಿಡಿಯುವುದಕ್ಕೆ, ಬೀಗ ತೆಗೆಯುವುದಕ್ಕೆ, ಪ್ರಸಾದಕ್ಕೆ ಕೈಯೊಡ್ಡುವುದಕ್ಕೆ ಈ ತಿರುಗುವಿಕೆಯೇ ಆಧಾರ. ಎಡ ಅಂಗೈಯನ್ನು ಮೇಲ್ಮುಖವಾಗಿ ಹಿಡಿದು ಅದರಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪೂಜಿಸುವ ನಮ್ಮ ಮನೆಗಳಲ್ಲಿ, ಎಡಗೈ ತಾನೆ ಎಂಬ ಮಾತಿಗೆ ಅರ್ಥವೇ ಇಲ್ಲ. ಆ ಮಾತು ಕೇಳಿಯೂ ಅಂದು ನಮಗೆ ಇದು ಹೊಳೆಯಲಿಲ್ಲ.

ಇನ್ನು ಮಕ್ಕಳ ಎಲುಬಿನ ವಿಚಾರ. ಹಿರಿಯರು ಹೇಳುವ ಮಾತಿನಲ್ಲಿ ನಿಜಾಂಶವುಂಟು. ಮಕ್ಕಳ ಎಲುಬಿನ ಮೇಲಿನ ಹೊದಿಕೆ ದಪ್ಪವಾಗಿರುತ್ತದೆ, ರಕ್ತಸಂಚಾರ ಸಮೃದ್ಧವಾಗಿರುತ್ತದೆ. ಎಷ್ಟೋ ಸಲ ಎಲುಬು ಪೂರ್ತಿ ಮುರಿಯದೆ ಹಸಿ ಕಡ್ಡಿಯಂತೆ ಒಂದು ಮಗ್ಗುಲಲ್ಲಿ ಮಾತ್ರ ಸೀಳುತ್ತದೆ. ಸ್ವಲ್ಪ ಓರೆಯಾಗಿ ಕೂಡಿಕೊಂಡರೂ ಬೆಳೆಯುತ್ತ ಬೆಳೆಯುತ್ತ ನೇರವಾಗುತ್ತದೆ. ಆದುದರಿಂದಲೇ ಮಕ್ಕಳ ಮುಂಗೈ ಮುರಿತಗಳಲ್ಲಿ ಹೆಚ್ಚಿನವು ಇಂದಿಗೂ ಪ್ಲಾಸ್ಟರಿನಿಂದಲೇ ವಾಸಿಯಾಗುತ್ತವೆ. ಐದಾರು ವರ್ಷದ ಮಗುವಿಗೆ ಕೈ ಮುರಿದೊಡನೆ ಪ್ಲೇಟ್ ಎಂಬ ಮಾತು ಬಂದರೆ, ಏಕೆ ಎಂದು ವಿಚಾರಿಸುವುದು ಸರಿಯೇ.

ಆದರೆ ಈ ಸ್ವಯಂಚಿಕಿತ್ಸೆಗೆ ಮೂರು ಮಿತಿಗಳಿವೆ. ಮೊದಲನೆಯದು ವಯಸ್ಸು. ಎಂಟು ಒಂಬತ್ತು ವರ್ಷದೊಳಗಿನ ಮಗುವಿನಲ್ಲಿ 15ರಿಂದ 20 ಡಿಗ್ರಿಯವರೆಗಿನ ಓರೆಯನ್ನು ವೈದ್ಯರು ಸಹಿಸುತ್ತಾರೆ. ಹತ್ತು ದಾಟಿದ ಮೇಲೆ 10 ಡಿಗ್ರಿಗಿಂತ ಹೆಚ್ಚು ಸಹಿಸುವುದಿಲ್ಲ. ನೇರವಾಗಲು ಬೇಕಾದಷ್ಟು ಬೆಳವಣಿಗೆ ಆ ಮಕ್ಕಳಲ್ಲಿ ಉಳಿದಿರುವುದಿಲ್ಲ. ಎರಡನೆಯದು ಮುರಿದ ಸ್ಥಳ. ರೇಡಿಯಸ್ ಎಲುಬಿನ ಉದ್ದದ ಬೆಳವಣಿಗೆಯಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಣಿಕಟ್ಟಿನ ಕಡೆಯ ತುದಿಯಲ್ಲಿ ಆಗುತ್ತದೆ. ಅದರ ಬಳಿಯ ಓರೆ ಬೇಗ ತಿದ್ದಿಕೊಳ್ಳುತ್ತದೆ, ನಡುಭಾಗದ್ದು ಕಷ್ಟ. ಮೂರನೆಯದೇ ಮುಖ್ಯವಾದುದು. ಎಲುಬಿನ ತುಂಡು ತನ್ನ ಅಕ್ಷದ ಮೇಲೆಯೇ ತಿರುಚಿ ಕೂಡಿಕೊಂಡರೆ, ಆ ತಿರುಚನ್ನು ಬೆಳವಣಿಗೆ ತಿದ್ದಲಾರದು. ಹೊರಗಿನಿಂದ ಕೈ ನೆಟ್ಟಗೆ ಕಂಡರೂ ಅಂಗೈ ಮಾತ್ರ ಪೂರ್ತಿ ಮಗುಚದು. ನಮ್ಮ ಮೊಮ್ಮಗನ ಮುರಿತ ಈ ಮೂರೂ ಮಿತಿಗಳನ್ನು ಮೀರಿತ್ತು.

ಹಾಗಾದರೆ ಸುಶ್ರುತ ಹೇಳಿದ್ದು ಸುಳ್ಳೇ? ಖಂಡಿತ ಅಲ್ಲ. ನಾವು ಹೇಳಿದ್ದು ಅರೆಸತ್ಯ. ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಮುರಿತದ ಬಗೆಗಳನ್ನೂ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅವುಗಳ ಉಪಚಾರವನ್ನೂ ಹೇಳಿದೆ. ಎಲುಬಿನ ಮುರಿತಗಳಲ್ಲಿ ಹನ್ನೆರಡು ಬಗೆ, ಕೀಲು ತಪ್ಪುವುದರಲ್ಲಿ ಆರು ಬಗೆ. ತರುಣಾಸ್ಥಿಗಳು ಬಾಗುತ್ತವೆ, ಕೊಳವೆಯಂಥ ಎಲುಬುಗಳು ಮುರಿಯುತ್ತವೆ ಎಂದೂ ಅಲ್ಲಿದೆ. ನಾವು ಆಸ್ಪತ್ರೆಯ ಕೈಸಾಲೆಯಲ್ಲಿ ನಿಂತು ತರುಣಾಸ್ಥಿ ಎಂದರೆ ಎಳೆಯರ ಎಲುಬು ಎಂದು ಮಗಳಿಗೆ ವಿವರಿಸಿದ್ದೆವು. ಅದು ತಪ್ಪು. ಕಿವಿ ಮೂಗುಗಳಲ್ಲಿರುವಂಥ ಮೃದ್ವಸ್ಥಿಗೆ ಅಲ್ಲಿ ಆ ಹೆಸರು. ಮುಂಗೈಯ ಎಲುಬು ಕೊಳವೆಯಂಥವುಗಳ ಪಂಕ್ತಿಗೆ ಸೇರಿದ್ದು. ನಲವತ್ತು ವರ್ಷ ಸಂಸ್ಕೃತ ಪಾಠ ಹೇಳಿದವರು ನಾವು. ನಮಗೆ ಅನುಕೂಲವಾದ ಅರ್ಥವನ್ನು ಪದಕ್ಕೆ ಹಚ್ಚಿದ್ದೆವು.

ಬಾಲ್ಯದಲ್ಲಿ ಮುರಿತ ಒಂದು ತಿಂಗಳಲ್ಲಿ, ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ ಎಂದು ಸುಶ್ರುತ ಹೇಳುತ್ತಾನೆ. ಆದರೆ ಮೊದಲು ಎಲುಬನ್ನು ಅದರ ಸ್ಥಾನಕ್ಕೆ ತಂದು ಅಲುಗದಂತೆ ಕಟ್ಟಬೇಕೆಂಬುದೂ ಅಲ್ಲಿಯೇ ಇದೆ. ಆ ಶರತ್ತನ್ನು ಬಿಟ್ಟು ಫಲವನ್ನು ಮಾತ್ರ ನಾವು ಹೇಳಿದ್ದೆವು. ಕಟ್ಟನ್ನು ಕುರಿತ ಅವನ ಮಾತಂತೂ ಇಂದಿಗೂ ಆಸ್ಪತ್ರೆಯ ಗೋಡೆಯ ಮೇಲೆ ಬರೆಸುವಂಥದು: ಸಡಿಲವಾದರೆ ಸಂಧಿ ಸ್ಥಿರವಾಗದು, ಬಿಗಿಯಾದರೆ ಬಾವು, ನೋವು, ಕೀವು ತಲೆದೋರುತ್ತವೆ, ಮಧ್ಯಮವಾದ ಕಟ್ಟೇ ಶ್ರೇಯಸ್ಕರ. ಬಿದಿರು, ಅರಳಿ, ಅತ್ತಿ, ಮತ್ತಿ ಮುಂತಾದ ಮರಗಳ ತೊಗಟೆಯ ದಬ್ಬೆಗಳನ್ನು ಹೇಳಿ, ಕಟ್ಟನ್ನು ಬಿಚ್ಚಿ ನೋಡುವ ಅವಧಿಯನ್ನೂ ಆತ ಗೊತ್ತುಮಾಡಿದ್ದಾನೆ: ಚಳಿಗಾಲದಲ್ಲಿ ಏಳು ದಿನಕ್ಕೆ, ಸಮಶೀತೋಷ್ಣ ಕಾಲದಲ್ಲಿ ಐದು ದಿನಕ್ಕೆ, ಬೇಸಿಗೆಯಲ್ಲಿ ಮೂರು ದಿನಕ್ಕೆ.

ಬಿಗಿ ಕಟ್ಟಿನ ಮಾತು ಬಂದಾಗ ಹಳೆಯದೊಂದು ಸಂಗತಿಯನ್ನು ಹೇಳದೆ ಇರಲಾಗದು. ನಾವು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ಕಿರಿಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಊರಿಗೆ ಹೋಗಿ ಹುಣಿಸೆಮರದಿಂದ ಬಿದ್ದ. ಯಾರೋ ಬಿದಿರ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿ ನಿಲಯಕ್ಕೆ ಕಳುಹಿಸಿದರು. ಎರಡು ರಾತ್ರಿ ಅವನು ನರಳಿದ. ಬೆರಳುಗಳು ಊದಿ ತಣ್ಣಗಾಗಿದ್ದವು. ಮುರಿದ ಕೈ ನೋಯದೆ ಇರುತ್ತದೆಯೇ, ಸಹಿಸಿಕೊಂಡು ಸುಮ್ಮನಿರು ಎಂದು ಗದರಿಸಿದ ಹಿರಿಯ ವಿದ್ಯಾರ್ಥಿಗಳಲ್ಲಿ ನಾವೂ ಇದ್ದೆವು. ಮೂರನೆಯ ದಿನ ಕಟ್ಟು ಬಿಚ್ಚಿದಾಗ ಕಾಲ ಮಿಂಚಿತ್ತು. ಎಲುಬು ಕೂಡಿತು, ಬೆರಳುಗಳು ಮಾತ್ರ ಹಕ್ಕಿಯ ಪಂಜದಂತೆ ಮಡಿಚಿಕೊಂಡೇ ಉಳಿದವು. ಬೆಳಗಿನ ಸಾಮೂಹಿಕ ಪೂಜೆಯಲ್ಲಿ ಅವನು ಬಲಗೈಯಿಂದ ಎಡಗೈ ಬೆರಳುಗಳನ್ನು ಬಿಡಿಸಿಕೊಳ್ಳುತ್ತಿದ್ದುದು ಇಂದಿಗೂ ಕಣ್ಣಮುಂದಿದೆ.

ಇದಕ್ಕೆ ಕಾರಣವನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿಯೇ ವಿವರಿಸಿದ್ದ. ಊದಿದ ಮುಂಗೈಯೊಳಗೆ ಒತ್ತಡ ಹೆಚ್ಚಿ ಮಾಂಸಖಂಡಗಳಿಗೆ ರಕ್ತ ಹೋಗದಂತಾಗುತ್ತದೆ. ಆರೇಳು ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ನಾಟಿ ಕಟ್ಟಿನಲ್ಲಿ ಮಾತ್ರವಲ್ಲದೆ ಆಸ್ಪತ್ರೆಯ ಪ್ಲಾಸ್ಟರಿನಲ್ಲಿಯೂ ಇದು ಆಗಬಹುದು. ಲಕ್ಷಣಗಳನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ಕಟ್ಟಿದ ಮೇಲೆ ನೋವು ತಗ್ಗುವ ಬದಲು ಏರುತ್ತಿದ್ದರೆ, ಬೆರಳುಗಳನ್ನು ಮೆಲ್ಲಗೆ ಬಿಡಿಸಿದರೂ ಮಗು ಚೀರಿದರೆ, ಬೆರಳು ಜೋಮು ಹಿಡಿದಿದ್ದರೆ, ತಣ್ಣಗಾಗಿದ್ದರೆ, ನೀಲಿಯಾಗಿದ್ದರೆ, ಬೆಳಗಾಗಲಿ ಎಂದು ಕಾಯಬಾರದು. ನಾಡಿ ಬಡಿಯುತ್ತಿದೆಯೆಂದು ಸಮಾಧಾನಪಡಲೂ ಬಾರದು. ನಾಡಿ ಇದ್ದಾಗಲೂ ಈ ಅನಾಹುತ ನಡೆಯುತ್ತಿರಬಹುದು. ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ ಕಟ್ಟನ್ನು ಸೀಳಿಸಬೇಕು.

ಎಲುಬು ಕಟ್ಟುವ ನಾಟಿವೈದ್ಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆಂಧ್ರದ ಪುತ್ತೂರಿನ ಕಟ್ಟಿನ ಹೆಸರು ಹೊತ್ತ ಫಲಕಗಳು ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿವೆ. ಆಸ್ಪತ್ರೆಯಿಲ್ಲದ ಊರುಗಳಲ್ಲಿ ಇಂಥ ಮನೆತನಗಳು ತಲೆತಲಾಂತರದಿಂದ ಜನರ ಕೈಹಿಡಿದಿವೆ. ಆದರೆ ಒಳಗಿನ ಎಲುಬು ತಿರುಚಿದೆಯೇ ಎಂಬುದು ಕೈಮುಟ್ಟಿ ನೋಡಿದರಷ್ಟೇ ತಿಳಿಯುವಂಥದಲ್ಲ. ಎಲ್ಲಿಗೇ ಹೋಗುವುದಿದ್ದರೂ ಮೊದಲು ಎಕ್ಸ್‌ರೇ ಆಗಿರಲಿ, ಮೂಳೆತಜ್ಞರು ಅದನ್ನು ನೋಡಿರಲಿ.

ಪ್ಲಾಸ್ಟರನ್ನೂ ಪ್ಲೇಟನ್ನೂ ನಿನ್ನೆ ಮೊನ್ನೆಯ ವ್ಯಾಪಾರವೆಂದು ಭಾವಿಸುವವರಿದ್ದಾರೆ. ಡಚ್ ಸೈನ್ಯದ ವೈದ್ಯ ಮಥೈಸನ್ ಪ್ಲಾಸ್ಟರ್ ಪಟ್ಟಿಯ ವಿಧಾನವನ್ನು ಪ್ರಕಟಿಸಿದ್ದು 1852ರಲ್ಲಿ. ಹ್ಯಾಂಬರ್ಗಿನ ಹಾನ್ಸ್‌ಮನ್ ಲೋಹದ ಪಟ್ಟಿಯಿಂದ ಎಲುಬು ಜೋಡಿಸಿದ ವರದಿ 1886ರದು. ಕ್ಷ-ಕಿರಣ ಕಂಡದ್ದು 1895ರಲ್ಲಿ. ನಮ್ಮ ಚಾಮರಾಜಪೇಟೆಯ ಅಂಚಿನ ವಿಕ್ಟೋರಿಯಾ ಆಸ್ಪತ್ರೆ ಆರಂಭವಾದದ್ದು ಅದಾದ ಐದು ವರ್ಷಕ್ಕೆ, 1900ರಲ್ಲಿ. ಮೊದಲಿನ ಪ್ಲೇಟುಗಳು ತುಕ್ಕು ಹಿಡಿಯುತ್ತಿದ್ದವು, ಕೀವಾಗುತ್ತಿತ್ತು. ಮೈಯೊಳಗೆ ಕಬ್ಬಿಣ ಕೂಡದೆಂಬ ಹಿರಿಯರ ಅಂಜಿಕೆಗೆ ಆ ಕಾಲದಲ್ಲಿ ಆಧಾರವಿತ್ತು. 1958ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ಸಂಘ ಕಟ್ಟಿಕೊಂಡು ಲೋಹ, ತಿರುಪು, ವಿಧಾನ ಎಲ್ಲವನ್ನೂ ಕ್ರಮಕ್ಕೆ ತಂದರು. ಇಂದಿನ ಪ್ಲೇಟು ತುಕ್ಕು ಹಿಡಿಯದ ವಿಶೇಷ ಉಕ್ಕಿನದು ಅಥವಾ ಟೈಟೇನಿಯಮ್ಮಿನದು. ಮಕ್ಕಳಿಗೆಂದೇ ಬಳುಕುವ ಕಡ್ಡಿಯನ್ನು ಫ್ರಾನ್ಸಿನ ನಾನ್ಸಿ ನಗರದ ವೈದ್ಯರು 1980ರ ಸುಮಾರಿಗೆ ಬಳಕೆಗೆ ತಂದರು.

ಕಡ್ಡಿಯೋ ಪ್ಲೇಟೋ ಎಂಬುದು ಮುರಿತದ ಸ್ವರೂಪವನ್ನು ಅವಲಂಬಿಸಿದೆ. ಕಡ್ಡಿಗೆ ಸಣ್ಣ ಗಾಯ ಸಾಕು. ಎಲುಬಿನ ತುದಿಯ ಬೆಳೆಯುವ ಭಾಗವನ್ನು ತಪ್ಪಿಸಿ ಒಳಪೊಳ್ಳಿಗೆ ತೂರಿಸುತ್ತಾರೆ. ಚಿಕ್ಕ ವಯಸ್ಸಿನವರಿಗೆ ಇದನ್ನೇ ಹೆಚ್ಚಾಗಿ ಆರಿಸುತ್ತಾರೆ. ಎಲುಬು ಚೂರುಚೂರಾಗಿದ್ದರೆ, ಮಗು ಬೆಳವಣಿಗೆಯ ಕೊನೆಯ ಹಂತದಲ್ಲಿದ್ದರೆ, ಹಳೆಯ ಮುರಿತದ ಜಾಗವೇ ಮತ್ತೆ ಮುರಿದು ಪೊಳ್ಳು ಮುಚ್ಚಿಹೋಗಿದ್ದರೆ, ಅಥವಾ ತಡವಾಗಿ ಎಲುಬು ಓರೆಯಾಗಿಯೇ ಬೆಸೆದುಕೊಳ್ಳತೊಡಗಿದ್ದರೆ ಪ್ಲೇಟು ಒಪ್ಪುತ್ತದೆ. ಎರಡು ಎಲುಬಿಗೆ ಎರಡು ಪ್ರತ್ಯೇಕ ಗಾಯ ಮಾಡಿ, ತುಂಡುಗಳನ್ನು ಕಣ್ಣಾರೆ ನೋಡಿ ಕೂಡಿಸಿ, ಸಾಮಾನ್ಯವಾಗಿ 3.5 ಮಿಲಿಮೀಟರ್ ದಪ್ಪದ ತಿರುಪುಮೊಳೆಗಳಿಂದ ಪಟ್ಟಿಯನ್ನು ಬಿಗಿಯುತ್ತಾರೆ. ರೇಡಿಯಸ್ಸಿನ ಆ ಬಿಲ್ಲಿನ ಬಾಗನ್ನು ಇದ್ದಂತೆಯೇ ಮರಳಿ ಪಡೆಯುವುದರಲ್ಲಿ ಪ್ಲೇಟಿಗೆ ಮೇಲುಗೈ. ಗಾಯದ ಕಲೆ ಉದ್ದವಾಗುವುದು ಅದರ ಕೊರತೆ. ಅಂತಿಮವಾಗಿ ಕೈ ತಿರುಗುವ ಫಲ ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ ಎಂದು ಅಧ್ಯಯನಗಳು ಹೇಳುತ್ತವೆ. ಕೀವಾಗುವುದು, ನರಕ್ಕೆ ಪೆಟ್ಟಾಗುವುದು ಮುಂತಾದ ಅಪಾಯಗಳು ವಿರಳವಾದರೂ ಇಲ್ಲದಿಲ್ಲ.

ಈಗ ನಮ್ಮ ಮನೆಯ ಕಥೆಗೆ ಮರಳೋಣ. ಇಪ್ಪತ್ತನೆಯ ದಿನ ಮಗಳು ನಮ್ಮ ಮುಂದೆ ಬಂದು ನಿಂತಳು. “ಅಪ್ಪಾಜಿ, ನಿಮ್ಮ ಮಾತು ಮೀರುತ್ತೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾಳೆ ಆಪರೇಷನ್‌ಗೆ ಸೇರಿಸುತ್ತಿದ್ದೇವೆ” ಎಂದಳು. ಅಂದು ಸಂಜೆ ನಾವೂ ಅವಳೊಡನೆ ಹೋದೆವು. ವೈದ್ಯರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುರಿದ ಜಾಗದಲ್ಲಿ ಮೋಡದಂತೆ ಹೊಸ ಎಲುಬು ಕವಿದುಕೊಂಡಿತ್ತು. “ಮೇಷ್ಟ್ರೇ, ಅವತ್ತೇ ಬಂದಿದ್ದರೆ ಕಡ್ಡಿಯಲ್ಲಿ ಮುಗಿಯುತ್ತಿತ್ತೇನೋ. ಈಗ ಬೆಸೆದದ್ದನ್ನು ಬಿಡಿಸಿ ಪ್ಲೇಟ್ ಹಾಕಬೇಕು” ಎಂದರು. ದನಿಯಲ್ಲಿ ಆಕ್ಷೇಪವಿರಲಿಲ್ಲ. ಪ್ಲೇಟು ಬೇಡವೆಂದು ನಾವು ಹಟ ಹಿಡಿದುದರಿಂದಲೇ ಪ್ಲೇಟು ಅನಿವಾರ್ಯವಾಯಿತು.

ಶಸ್ತ್ರಕ್ರಿಯೆ ಸುಸೂತ್ರವಾಗಿ ನಡೆಯಿತು. ಒಂದು ವರ್ಷ ಕಳೆದ ಮೇಲೆ ಪ್ಲೇಟುಗಳನ್ನು ತೆಗೆಸಿದೆವು. ತೆಗೆಯಲೇಬೇಕೇ ಬಿಡಬಹುದೇ ಎಂಬುದರಲ್ಲಿ ವೈದ್ಯರಲ್ಲಿಯೇ ಎರಡು ಮತಗಳಿವೆ. ಬೆಳೆಯುವ ಮಕ್ಕಳಲ್ಲಿ ತೆಗೆಯುವವರು ಹಲವರು. ತೆಗೆದ ಮೇಲೆ ತಿರುಪಿನ ರಂಧ್ರಗಳು ತುಂಬುವವರೆಗೆ ಎಲುಬು ಅಲ್ಲಿ ದುರ್ಬಲವಾಗಿರುವುದರಿಂದ ಕೆಲವು ತಿಂಗಳು ಓಟ, ಜಿಗಿತ, ಕ್ರಿಕೆಟ್ಟು ಬೇಡವೆಂದಿದ್ದರು. ಹುಡುಗ ಅದನ್ನು ಪಾಲಿಸಿದ. ಇಂದು ಅವನ ಅಂಗೈ ಕೆಳಮುಖವಾಗಿ ಪೂರ್ತಿ ತಿರುಗುತ್ತದೆ; ಮೇಲ್ಮುಖವಾಗಿ ಬಲಗೈಗಿಂತ ತುಸುವೇ ಕಡಮೆ. ಪೂಜೆಗೆ ಕುಳಿತಾಗ ಅದು ತಿಳಿಯುವುದೂ ಇಲ್ಲ. ಮುಂಗೈಯ ಮೇಲಿನ ಎರಡು ಉದ್ದ ಕಲೆಗಳು ಮಾತ್ರ ನಮಗೆ ದಿನವೂ ಕಾಣುತ್ತವೆ. ಯಾರಾದರೂ ಕೇಳಿದರೆ ಅವನು, ಪರಿಷೆಯಲ್ಲಿ ಬಿದ್ದದ್ದು ಎನ್ನುತ್ತಾನೆ. ತಾತನ ಹೆಸರು ಹೇಳುವುದಿಲ್ಲ. ಆದುದರಿಂದ ನಾವೇ ಇಲ್ಲಿ ಹೇಳಿದ್ದೇವೆ.

ಕೊನೆಯದಾಗಿ ತಂದೆತಾಯಿಗಳಿಗೆ ಕೆಲವು ಮಾತು. ಮಗುವಿನ ಕೈ ಮುರಿದಿದೆಯೆಂಬ ಶಂಕೆ ಬಂದರೆ ತಿಕ್ಕಬೇಡಿ, ಎಳೆಯಬೇಡಿ. ಮಡಿಸಿದ ದಿನಪತ್ರಿಕೆಯನ್ನೋ ರಟ್ಟನ್ನೋ ಆಸರೆಯಾಗಿಟ್ಟು, ಬಟ್ಟೆಯ ಜೋಳಿಗೆಯಲ್ಲಿ ಕೈಯನ್ನಿಳಿಬಿಟ್ಟು ಕರೆದೊಯ್ಯಿರಿ. ಬಳೆ, ಉಂಗುರ, ದಾರಗಳನ್ನು ಕೂಡಲೇ ತೆಗೆಯಿರಿ. ಅರಿವಳಿಕೆ ಬೇಕಾಗಬಹುದಾದುದರಿಂದ ವೈದ್ಯರನ್ನು ಕೇಳದೆ ಏನನ್ನೂ ತಿನ್ನಿಸಬೇಡಿ. ಗಾಯದಲ್ಲಿ ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಮುಚ್ಚಿ ಇನ್ನೂ ಬೇಗ ಹೋಗಿರಿ. ಹಣದ ಚಿಂತೆಯಿಂದ ತಡಮಾಡಬೇಡಿ. ವಿಕ್ಟೋರಿಯಾ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಜಯನಗರದ ಕಡೆಯಲ್ಲಿರುವ ಮೂಳೆ ಚಿಕಿತ್ಸೆಯ ಸಂಜಯ ಗಾಂಧಿ ಸಂಸ್ಥೆ ಇವೆಲ್ಲ ಸರ್ಕಾರದವು. ಪ್ಲಾಸ್ಟರ್ ಹಾಕಿದ ಮೇಲೆ ಮೊದಲ ಎರಡು ಮೂರು ವಾರಗಳ ಎಕ್ಸ್‌ರೇಯನ್ನು ತಪ್ಪಿಸಬೇಡಿ; ಎಲುಬು ಜರುಗುವುದು ಆ ಅವಧಿಯಲ್ಲಿಯೇ.

ಶಸ್ತ್ರಕ್ರಿಯೆ ಬೇಕೆಂದರೆ ವೈದ್ಯರನ್ನು ವಿನಯದಿಂದ ಕೇಳಿರಿ: ಓರೆ ಎಷ್ಟು ಡಿಗ್ರಿ ಇದೆ? ತಿರುಚಿದೆಯೇ? ಈ ವಯಸ್ಸಿಗೆ ಅದು ತಾನಾಗಿ ತಿದ್ದಿಕೊಳ್ಳುವಷ್ಟೇ? ಕಡ್ಡಿ ಸಾಕೇ, ಪ್ಲೇಟೇ ಬೇಕೇ? ತೆಗೆಸುವುದು ಯಾವಾಗ? ಸಂಶಯ ತೀರದಿದ್ದರೆ ಮತ್ತೊಬ್ಬ ತಜ್ಞರಿಗೆ ತೋರಿಸಿರಿ. ಆದರೆ ಅದು ಎರಡು ಮೂರು ದಿನಗಳೊಳಗೆ ಆಗಲಿ.

ಮಲ್ಲೇಶ್ವರದ ಆ ತಾಯಿ ಕಳೆದ ವಾರ ಮತ್ತೆ ಮಾತನಾಡಿದರು. ಮಗಳ ಎಲುಬು ಜರುಗಿಲ್ಲ. ಪ್ಲಾಸ್ಟರಿನಲ್ಲಿಯೇ ಕೂಡುತ್ತಿದೆ, ಪ್ಲೇಟು ಬೇಕಾಗಲಿಲ್ಲ. ಇದನ್ನು ಕೇಳಿ ನಮಗೆ ಸಂತೋಷವಾಯಿತು. ಅವರ ಮನೆಯ ಹಿರಿಯರು, ನಾವು ಹೇಳಿದ್ದೇ ಸರಿಯಾಯಿತು ಎನ್ನುತ್ತಿದ್ದಾರಂತೆ. ಎಂಟನೆಯ ದಿನ ಮಗುವನ್ನು ಎಕ್ಸ್‌ರೇಗೆ ಕರೆದೊಯ್ದವರು ತಾವೇ ಎಂಬುದನ್ನು ಆ ತಾಯಿ ಅವರಿಗೆ ನೆನಪಿಸಲಿಲ್ಲವಂತೆ.